ಬರೆ ಇಲ್ಲದ ಕಡೆ ಎದ್ದ ಗಂಟು

ಹೋದ ವಾರ ರೋಣದ ನಮ್ಮ ಮನೆಯಲ್ಲಿ ಸೊಸೆಗೆ ನೆಗಡಿಯಾಗಿತ್ತು. ಅರಿಷಿಣ ಕೊಂಬನ್ನು ಒಲೆಯ ಉರಿಗೆ ಹಿಡಿದು, ತುದಿ ಕಪ್ಪಾದ ಮೇಲೆ ಅದರ ಹೊಗೆ ಎಳೆದುಕೊಳ್ಳುತ್ತಿದ್ದಳು. ಎಲ್ಲರ ಮನೆಯಲ್ಲೂ ಮಾಡುವ ಮದ್ದೇ ಅದು. ನಾನು ಮಾತ್ರ ತಟ್ಟೆಯಲ್ಲಿದ್ದ ರೊಟ್ಟಿ ಬಿಟ್ಟು ಹಿತ್ತಲಿಗೆ ಎದ್ದುಹೋದೆ. "ಯಾಕ ಆಯಿ, ಹೊಗಿ ಭಾಳ ಆತೇನ್ರಿ?" ಎಂದು ಒಳಗಿಂದ ಕೇಳಿದಳು. ಹೂಂ ಅಂದೆ. ಹೊಗೆಯದೇನೂ ತಕರಾರಿರಲಿಲ್ಲ. ಸುಟ್ಟ ಅರಿಷಿಣದ ವಾಸನೆಗೆ ನನ್ನ ಎಡಗೈ ತಾನಾಗಿಯೇ ಬಿಗಿಯುತ್ತದೆ, ಯಾರದೋ ಮಣಿಕಟ್ಟು ಹಿಡಿದ ಹಾಗೆ. ನಲವತ್ತು ವರ್ಷವಾದರೂ ಅದು ಬಿಟ್ಟಿಲ್ಲ.

ನಾವು ಮುಂಬೈ ಸರಕಾರದವರಾಗಿ ಯುಗಾದಿ ಮಾಡಿ, ಮೈಸೂರು ಸರಕಾರದವರಾಗಿ ಸಂಕ್ರಮಣ ಮಾಡಿದ ವರ್ಷ ಅದು. ಗಜೇಂದ್ರಗಡದ ನೇಕಾರ ಓಣಿಯಲ್ಲಿ ನಮ್ಮ ಅಣ್ಣ ಈರಪ್ಪನ ಮನೆ. ಹೊಸ್ತಿಲು ದಾಟಿದರೆ ಎಡಕ್ಕೆ ನೆಲ ತೋಡಿ ಕೂಡಿಸಿದ ಕುಣಿಮಗ್ಗ, ಬಲಕ್ಕೆ ಅಡಿಗೆ, ಹಿಂದೆ ಬಣ್ಣದ ಹಂಡೆಗಳು. ಅಣ್ಣ, ಅವನ ಹೆಂಡತಿ ಶಂಕ್ರವ್ವ ವೈನಿ, ಮಗಳು ಗೌರಿ, ಮತ್ತೆ ನಾನು. ನಾನು ಹತ್ತೊಂಬತ್ತಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಓಣಿಯವರು ನನ್ನನ್ನು ಅಡಿಗೆಮನೆಯ ಮೂಲೆಗೆ ಕೂಡಿಸಬೇಕೆಂದಿದ್ದಾಗ ಅಣ್ಣ ಯಾರ ಮಾತನ್ನೂ ಕೇಳದೆ ಧಾರವಾಡಕ್ಕೆ ಟ್ರೇನಿಂಗಿಗೆ ಕಳಿಸಿದ. ತಿರುಗಿ ಬಂದಾಗ ನಾನು ಹೆಣ್ಣುಮಕ್ಕಳ ಸಾಲಿಯ ಅಕ್ಕೋರಾಗಿದ್ದೆ. ಮೊದಲು ಹಿಂದಿನಿಂದ ಆಡಿಕೊಂಡವರೇ ಆಮೇಲೆ ಕಾಗದ ಓದಿಸಿಕೊಳ್ಳಲು ಮನೆಗೆ ಬರತೊಡಗಿದರು. ನಾನು ಓದಿದ್ದೇ ಖರೆ ಎಂದು ಅವರೆಲ್ಲ ನಂಬಿದ್ದರು. ಮುಂದೆ ಹೇಳುವುದಕ್ಕೆ ಇದು ಗೊತ್ತಿರಬೇಕು.

ಆ ಬೇಸಿಗೆ ಗೌರಿಗೆ ನರಗುಂದದ ಜವಳಿ ಅಂಗಡಿಯವರ ಮನೆಯಲ್ಲಿ ಲಗ್ನ ಗೊತ್ತಾಗಿತ್ತು. ಅಣ್ಣನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮಗಳ ಸೀರೆಯನ್ನು ತಾನೇ ನೇಯುತ್ತೇನೆ, ನೂಲಿಗೆ ಬಣ್ಣವನ್ನೂ ತಾನೇ ಹಾಕುತ್ತೇನೆ ಎಂದು ಹಟ ಹಿಡಿದ. ಹಳದಿ ಒಡಲು, ಕೆಂಪು ಸೆರಗು. ತಿಂಗಳುಗಟ್ಟಲೆ ಅವನ ಕೈ ಮೊಣಕೈತನಕ ಹಳದಿ, ಉಗುರು ಹಳದಿ, ಬೆವರು ಒರೆಸಿಕೊಂಡ ಹಣೆಯೂ ಹಳದಿ. "ಮದುಮಗ ನೀನೋ ಅಂವನೋ?" ಎಂದು ವೈನಿ ಚೇಷ್ಟೆ ಮಾಡುತ್ತಿದ್ದಳು. ಮೈಯೆಲ್ಲ ತುರಿಸುತ್ತದೆ ಎಂದು ಅವನು ಗೋಡೆಗೆ ಬೆನ್ನು ತಿಕ್ಕಿದರೆ, ಬಣ್ಣದ ಪುಡಿ ತಾಗಿದೆ, ಜಳಕ ಮಾಡು ಎನ್ನುತ್ತಿದ್ದೆವು. ಒಬ್ಬ ಮನುಷ್ಯ ನಮ್ಮ ಕಣ್ಣ ಮುಂದೆ ಒಳಗಿನಿಂದ ಹಳದಿಯಾಗುತ್ತಿದ್ದ. ನಾವು ಬಣ್ಣದ ಮನೆಯವರಾದ ಕಾರಣ ನಮಗೆ ಕಾಣಲಿಲ್ಲ.

ಕಂಡದ್ದು ಮಣ್ಣೆತ್ತಿನ ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು. ಅಣ್ಣ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ಮಿಂದು ಬಂದು ಕಟ್ಟೆಯ ಮೇಲೆ ಬಿಸಿಲಿಗೆ ಕೂತ. ಗೌರಿ ಮಣ್ಣಿನೆತ್ತು ಮಾಡಿ ಅವನಿಗೆ ತೋರಿಸುತ್ತಿದ್ದಳು. ಅವನು ತಲೆ ಎತ್ತಿ ನಕ್ಕಾಗ ಕಣ್ಣಿನ ಬಿಳಿ ಭಾಗ ಹೆಸರುಬೇಳೆಯ ಬಣ್ಣಕ್ಕೆ ತಿರುಗಿದ್ದು ನನಗೆ ಕಂಡಿತು. ಕಣ್ಣಿಗೆ ಯಾರೂ ಬಣ್ಣ ಹಾಕುವುದಿಲ್ಲ.

ಊರ ದವಾಖಾನಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಬೆರಳಿಂದ ಬಾರಿಸಿ ನೋಡಿದರು. ಇದು ಬರೇ ಕಾಮಣಿ ಅಲ್ಲ ಅನಿಸುತ್ತದೆ, ತಡ ಮಾಡದೆ ಹುಬ್ಬಳ್ಳಿಗೆ ಕರೆದೊಯ್ಯಿರಿ, ಕೊಯ್ದು ನೋಡಬೇಕಾದೀತು ಎಂದರು. ಅಣ್ಣ ದಾರಿಯಲ್ಲೇ ಒಲ್ಲೆ ಅಂದ. ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿದೆ, ಕಾಮಣಿಗೆ ದವಾಖಾನಿಯಲ್ಲಿ ಔಷಧವೆಲ್ಲಿದೆ ಎಂಬುದು ಅವನ ವಾದ. ನಾನು ಅಕ್ಕೋರು, ತಿಳಿದವಳು. ನಾನಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ಹುಬ್ಬಳ್ಳಿ ಅಂದರೆ ನನಗೆ ಒಂದೇ ನೆನಪು. ಕೊಯ್ಯಿಸಲೆಂದು ಅಲ್ಲಿಗೆ ಕರೆದೊಯ್ದ ನನ್ನ ಗಂಡ ತಿರುಗಿ ಮನೆಗೆ ಬಂದಿರಲಿಲ್ಲ. ಹೆದರಿದೆ. ಹೆದರಿಕೆಯನ್ನು ಅಣ್ಣನ ಹಟದ ಹಿಂದೆ ಅಡಗಿಸಿಟ್ಟೆ. "ಮೊದಲು ಸೂಡಿಗೆ ಹೋಗಿ ಬರೂಣ," ಅಂದವಳು ನಾನೇ.

ಸೂಡಿಯ ನೀಲವ್ವ ಕಾಮಣಿಗೆ ಬರೆ ಹಾಕುವವಳು. ಸುತ್ತ ಹತ್ತೂರಿನವರು ಅವಳಲ್ಲಿಗೆ ಹೋಗುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ಎಷ್ಟೋ ಕೂಸುಗಳು ಅವಳ ತೊಡೆಯ ಮೇಲೆ ಅತ್ತು, ಆಮೇಲೆ ನಗುತ್ತ ಮನೆಗೆ ಹೋಗಿದ್ದವು. ಅವಳದೊಂದು ಕಟ್ಟು ಇತ್ತು. ರೋಗಿಯ ಕೈ ಹಿಡಿದು, "ಹಾಕು" ಎಂದು ಹೇಳುವವರು ಹೆತ್ತವರಾಗಿರಬೇಕು, ಇಲ್ಲವೆ ಒಡಹುಟ್ಟಿದವರು. ಹೆಂಡತಿಯ ಮಾತಿಗೂ ಅವಳು ಬರೆ ಹಾಕುತ್ತಿರಲಿಲ್ಲ. ನಮ್ಮ ತಂದೆತಾಯಿ ತೀರಿ ಬಹಳ ವರ್ಷವಾಗಿತ್ತು. ಅಣ್ಣನಿಗೆ ಒಡಹುಟ್ಟಿದವಳು ನಾನೊಬ್ಬಳೇ.

ಆಷಾಢದ ಗಾಳಿ. ಎರೆಹೊಲದಲ್ಲಿ ಹೆಸರು ಆಗಷ್ಟೇ ಎರಡೆಲೆ ಬಿಟ್ಟಿತ್ತು. ಚಕ್ಕಡಿಯಲ್ಲಿ ಅಣ್ಣ ಕಂಬಳಿ ಹೊದ್ದು, ಒಳಗೇ ತುರಿಸಿಕೊಳ್ಳುತ್ತ ಕೂತಿದ್ದ. ನೀಲವ್ವ ಅಂಗಳದಲ್ಲಿ ಕುಳ್ಳಿನ ಕೆಂಡ ಮಾಡಿಕೊಂಡಿದ್ದಳು. ಅರವತ್ತು ದಾಟಿದ ಸಣಕಲು ಹೆಂಗಸು, ಮಾತು ಕಡಿಮೆ. ಅಣ್ಣನ ಕೆಳಗಣ್ಣು ಜಗ್ಗಿ ನೋಡಿದಳು. ಮೈ ತುರಿಸುತ್ತದೆಯೇ ಎಂದು ಕೇಳಿದಳು. ಹೊರಕಡೆಗೆ ಹೋದರೆ ಬಣ್ಣ ಹೇಗಿರುತ್ತದೆ ಎಂದು ಕೇಳಿದಳು. ಸುಣ್ಣದ ಹಾಗೆ ಬಿಳಿ ಎಂದ ಅಣ್ಣ. ಬಲ ಪಕ್ಕೆಯ ಕೆಳಗೆ ಅಂಗೈ ಇಟ್ಟು ಒತ್ತಿ ನೋಡಿದಳು.

"ಅಕ್ಕೋರ, ನಾ ಬರಿ ಹಾಕೂ ಕಾಮಣಿ ಇದಲ್ಲ," ಅಂದಳು. "ಅದು ಹದಿನೈದಿಪ್ಪತ್ತು ದಿನದಾಗ ಬಂದು ಹೋಗೂದು. ಇಲ್ಲಿ ಒಳಗ ಏನೋ ಅಡ್ಡ ಕುಂತೈತಿ. ದವಾಖಾನಿಗಿ ಒಯ್ರಿ."

ಓದು ಬರಹ ಬಾರದ ಹೆಂಗಸು ಡಾಕ್ಟರು ಹೇಳಿದ್ದನ್ನೇ ಹೇಳಿದಳು. ನನಗೆ ಅದು ಬೇಡವಾಗಿತ್ತು.

"ಇಷ್ಟು ದೂರ ಬಂದೀವಿ, ಹಾಕಬೇ," ಅಂದೆ.

"ಬ್ಯಾಡವಾ. ಸುಮ್ಮನ ಸುಡೂದಾಗತೈತಿ."

"ಅವನ ಬೆನ್ನಿಗೆ ಹುಟ್ಟಿದಾಕಿ ಕೇಳಾಕತ್ತೀನಿ. ಹಾಕು. ಪಾಪ ಬಂದ್ರ ನನಗ ಬರಲಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅರಿಷಿಣ ಕೊಂಬನ್ನು ಕೆಂಡಕ್ಕಿಟ್ಟಳು. ನಾನು ಎಡಗೈಯಿಂದ ಅಣ್ಣನ ಮಣಿಕಟ್ಟು ಹಿಡಿದೆ. ಪಕ್ಕೆಯ ಕೆಳಗೆ ಮೂರು ಗೆರೆ. ಅಣ್ಣ ತುಟಿ ಕಚ್ಚಿಕೊಂಡ, ಕೂಗಲಿಲ್ಲ. ಸುಟ್ಟ ಅರಿಷಿಣದ ವಾಸನೆ, ಅದರಡಿಯಲ್ಲಿ ಸುಟ್ಟ ತೊಗಲಿನ ವಾಸನೆ. ವೈನಿ ಚಕ್ಕಡಿಯ ಹತ್ತಿರವೇ ನಿಂತಿದ್ದಳು. ಅಂಗಳದ ಮಾತು ಅವಳಿಗೆ ಕೇಳಿಸಿರಲಿಲ್ಲ. ದಾರಿಯಲ್ಲಿ ನಾನೂ ಹೇಳಲಿಲ್ಲ.

ಶ್ರಾವಣದಲ್ಲಿ ಅಣ್ಣ ಮತ್ತೆ ಮಗ್ಗಕ್ಕೆ ಇಳಿದ. ಬರೆಯ ಗಾಯ ಮಾಯಿತು, ಹಳದಿ ಮಾಯಲಿಲ್ಲ. ಊಟ ಸೇರದೆ ರಟ್ಟೆ ಸಣ್ಣಗಾದವು. ಒಂದು ದಿನ ಲಾಳಿ ನಿಲ್ಲಿಸಿ, ಹೊಕ್ಕಳ ಪಕ್ಕ ಬೆರಳಿಟ್ಟು, "ಇಲ್ಲಿ ಏನೋ ಕಡ್ಲಿಕಾಳಿನಂಥಾದ್ದು ಐತಿ ನೋಡು," ಅಂದ. ಗಟ್ಟಿ, ನೋವಿಲ್ಲ, ಒತ್ತಿದರೆ ಜಾರದು. ನೇಯುವವರಿಗೆ ಬಟ್ಟೆ ಸುತ್ತುವ ದಿಂಡು ಹೊಟ್ಟೆಗೆ ಒತ್ತಿ ಒತ್ತಿ ಅಲ್ಲಿ ಜಡ್ಡುಗಟ್ಟುತ್ತದೆ. ನಮ್ಮ ಅಪ್ಪನಿಗೂ ಇತ್ತು. ಅದೇ ಇರಬೇಕೆಂದು ಅವನೇ ಹೇಳಿ, ಮಡಚಿದ ಬಟ್ಟೆಯೊಂದನ್ನು ಹೊಟ್ಟೆಗೂ ದಿಂಡಿಗೂ ನಡುವೆ ಇಟ್ಟುಕೊಂಡು ನೇಯ್ದ. ಎಂಟು ದಿನಕ್ಕೆ ಒಂದಿದ್ದದ್ದು ನಾಲ್ಕಾಯಿತು. ಭಾದ್ರಪದದ ಹೊತ್ತಿಗೆ ಬರೆಯ ಮೂರು ಗೆರೆಗಳ ಸುತ್ತ ಕೆಂಪುಗಪ್ಪು ಗಂಟುಗಳು ಎದ್ದು, ಎರಡು ಒಡೆದು ಸೋರತೊಡಗಿದವು. ಗೌರಿಯ ಸೀರೆಗೆ ಇನ್ನೂ ಎರಡು ಮೊಳ ಬಾಕಿ ಇದ್ದಾಗ ಅವನು ಮಗ್ಗದ ಕುಣಿಯಿಂದ ಮೇಲೆದ್ದ. ಮತ್ತೆ ಇಳಿಯಲಿಲ್ಲ.

ಆಗ ಹೆದರಿಕೆಯನ್ನೆಲ್ಲ ನುಂಗಿಕೊಂಡು ಹುಬ್ಬಳ್ಳಿಗೆ ಕರೆದೊಯ್ದೆ. ಈಗ ಕೊಯ್ಯುವ ಹಂತ ದಾಟಿದೆ ಎಂದರು. ಬೆನ್ನ ಮೇಲಿನ ಒಂದು ಗಂಟನ್ನು ತೆಗೆದು ತಪಾಸಣೆಗೆ ಕಳಿಸಿದರು. ಬೆನ್ನ ಮೇಲೂ ಇದೆ ಎಂದು ನನಗೆ ಗೊತ್ತಾದದ್ದು ಅವರು ಅಂಗಿ ಬಿಚ್ಚಿಸಿದಾಗ. ಎರಡು ಭುಜದ ನಡುವೆ ಮೂರು, ಕೂದಲ ಒಳಗೆ ನೆತ್ತಿಯ ಮೇಲೆ ಒಂದು.

ಊರ ದವಾಖಾನಿಯ ಹಲಗೆಯ ಮೇಲೆ ಮೈಸೂರು ಸರಕಾರದ ಹೆಸರು ಬರೆಯುತ್ತಿದ್ದ ದಿನಗಳಲ್ಲಿ ಹುಬ್ಬಳ್ಳಿಯ ಕಾಗದ ಅಲ್ಲಿಗೆ ಬಂತು. ಡಾಕ್ಟರು ಸಾಲಿಗೆ ಹೇಳಿಕಳಿಸಿ ನನ್ನೊಬ್ಬಳನ್ನೇ ಕೂಡಿಸಿಕೊಂಡು ಓದಿದರು.

"ಪಿತ್ತ ಕರುಳಿಗೆ ಹೋಗಾಕ ಒಂದು ಸಣ್ಣ ನಳಿಗಿ ಇರತೈತ್ರಿ. ಅದರಾಗ ಕ್ಯಾನ್ಸರ್ ಆಗೇತಿ. ಅದಕ್ಕ ಪಿತ್ತ ಕಟ್ಟಿ ಮೈ ಹಳದಿ ಆತು. ಈಗ ಅದು ತೊಗಲಿಗೂ ಬಂದೈತಿ. ಈ ಗಂಟು ಎಲ್ಲಾ ಅದರವೇ."

"ಬರಿ ಹಾಕಿಸಿದ್ದಕ್ಕ ಹಿಂಗಾತೇನ್ರಿ?"

"ಇಲ್ರಿ ಅಕ್ಕೋರ. ಬರಿ ಹಾಕೂ ಹೊತ್ತಿಗೆ ಅದು ಒಳಗ ಇತ್ತು. ಬೆನ್ನಿಗೆ, ತಲಿಗೆ ಯಾರು ಬರಿ ಹಾಕ್ಯಾರ?"

"ನಾವು ನೀವು ಹೇಳಿದಾಗನ ಹೋಗಿದ್ರ?"

ಅವರು ಕಾಗದ ಮಡಚಿದರು. "ಖರೇ ಹೇಳಬೇಕಂದ್ರ, ಆಗೂ ಉಳೀತಿದ್ರು ಅಂತ ನಾ ಹೇಳಂಗಿಲ್ಲ. ಉಳೀತಿದ್ದಿಲ್ಲ ಅಂತನೂ ಹೇಳಂಗಿಲ್ಲ," ಅಂದರು. ಒಳ್ಳೆಯ ಮನುಷ್ಯ. ಅವರ ಈ ಮಾತಿನ ಎರಡನೆಯ ಅರ್ಧವನ್ನು ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ಮನೆಗೆ ಬಂದಾಗ ಓಣಿ ತನ್ನ ತೀರ್ಮಾನವನ್ನು ಆಗಲೇ ಮಾಡಿತ್ತು. ಮೊದಲು ಎದ್ದ ಮಾತು ದೊಡ್ಡ ರೋಗದ್ದು, ಅಂದರೆ ಕುಷ್ಠದ್ದು. ಮೈಮೇಲೆ ಗಂಟು ಎದ್ದು ಸೋರಿದರೆ ಜನರಿಗೆ ಬೇರೇನೂ ಹೊಳೆಯುತ್ತಿರಲಿಲ್ಲ. ಎದುರುಮನೆಯವರು ಗೌರಿ ಮುಟ್ಟಿದ ಕೊಡವನ್ನು ತೊಳೆದು ತುಂಬತೊಡಗಿದರು. ನರಗುಂದಕ್ಕೂ ಸುದ್ದಿ ಮುಟ್ಟಿ, ಬೀಗರು ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ವೈನಿ ಸೆರಗು ಬಾಯಿಗೆ ಹಿಡಿದು ಅತ್ತಳು. ಅತ್ತು ಮುಗಿದ ಮೇಲೆ ಅವಳಿಗೆ ಒಂದು ಆಸರೆ ಸಿಕ್ಕಿತು. "ದೊಡ್ಡ ರೋಗ ಅಲ್ಲ, ಏನಲ್ಲ. ಆ ಸೂಡಿ ಮುದುಕಿ ಹಾಕಿದ ಬರಿ ಕೆಟ್ಟೈತಿ. ಆಕಿ ಕೈ ಸೇದಿಹೋಗಲಿ," ಎಂದು ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಅಂದಳು. ಓಣಿ ನಂಬಿತು. ಎದುರುಮನೆಯವರು ಕೊಡ ತೊಳೆಯುವುದನ್ನು ಬಿಟ್ಟರು.

ಕಾಗದದ ಸಂಗತಿ ನನ್ನ ಬಾಯಲ್ಲಿತ್ತು. ಕ್ಯಾನ್ಸರ್ ಅಂದರೆ ಅದೂ ಅಂಟುತ್ತದೆ, ಮನೆತನಕ್ಕೇ ಬರುತ್ತದೆ ಎನ್ನುತ್ತಿದ್ದ ಕಾಲ. ಗೌರಿಯ ಲಗ್ನ ಮುರಿಯುತ್ತದೆ ಎಂದು ಸುಮ್ಮನಾದೆ. ಇದು ಖರೆ. ಆದರೆ ಅರ್ಧ ಖರೆ. ಕಾಗದ ಓದಿದರೆ, ಯಾರು ಹುಬ್ಬಳ್ಳಿ ಬೇಡ ಅಂದರು, ಯಾರು ಸೂಡಿಗೆ ಕರೆದೊಯ್ದರು ಎಂಬ ಪ್ರಶ್ನೆ ಬರುತ್ತಿತ್ತು. ಕಾಗದವನ್ನು ಸಾಲಿಯ ಹಾಜರಿ ಪುಸ್ತಕದಲ್ಲಿಟ್ಟೆ. ವೈನಿ ಕೇಳಿದಾಗ, "ನಂಜು ಏರೇತಿ ಅಂತ ಬರದಾರ," ಅಂದೆ.

ಅಷ್ಟಕ್ಕೇ ಬಿಟ್ಟಿದ್ದರೂ ಒಂದು ಮಾತಿತ್ತು. ನಾನು ಅದಕ್ಕಿಂತ ಹೆಚ್ಚು ಮಾಡಿದೆ. ಬೀಗರು ಬರುವ ದಿನ ಬೆಳಿಗ್ಗೆ ಅಣ್ಣನಿಗೆ ಬೆನ್ನು ಮುಚ್ಚುವ ಅಂಗಿ ತೊಡಿಸಿ, ಗುಂಡಿ ಬಿಚ್ಚಿ ಹೊಟ್ಟೆಯನ್ನಷ್ಟೇ ತೆರೆದಿಟ್ಟೆ. ತಲೆಗೆ ರುಮಾಲು ಸುತ್ತಿದೆ. ಅಣ್ಣ ನನ್ನ ಕೈಗಳನ್ನೇ ನೋಡುತ್ತಿದ್ದ. ನರಗುಂದದವರು ಬಂದು, ಬರೆಯ ಸುತ್ತಲಿನ ಗಂಟು ನೋಡಿ, "ಅಯ್ಯ, ಒಳ್ಳೇ ಮನಷ್ಯಾನ ಹೊಟ್ಟಿ ಸುಟ್ಟು ಹಿಂಗ ಮಾಡಿಟ್ಟಾಳಲ್ಲ," ಎಂದು ನೊಂದುಕೊಂಡರು. ಅವಲಕ್ಕಿ ತಿಂದು, ಮಾತು ಮಾತೇ ಎಂದು ಹೇಳಿ ಹೋದರು. ಬರೆ ಇಲ್ಲದ ಕಡೆ ಎದ್ದ ಗಂಟುಗಳನ್ನು ಆ ದಿನದಿಂದ ನಾನೇ ತೊಳೆದೆ. ವೈನಿಗೂ ಮುಟ್ಟಗೊಡಲಿಲ್ಲ. ಎಂಥ ತಂಗಿ ಎಂದು ಓಣಿಯವರು ಹೊಗಳಿದರು.

ಆಮೇಲೆ ಒಂದು ಸಂತೆಯ ದಿನ ಮಧ್ಯಾಹ್ನ ನೀಲವ್ವ ಬಂದಳು. ಸುದ್ದಿ ಕೇಳಿ, ಬೇವಿನ ಸೊಪ್ಪಿನ ಗಂಟು ಹೊತ್ತುಕೊಂಡು ಸೂಡಿಯಿಂದ ನಡೆದೇ ಬಂದಿದ್ದಳು. ವೈನಿ ಅವಳನ್ನು ಕಟ್ಟೆ ಹತ್ತಿಸಲಿಲ್ಲ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ವೈನಿ ಅಂದದ್ದನ್ನೆಲ್ಲ ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ವೈನಿಗೆ ಉಸಿರು ಹತ್ತಿ ನಿಂತಾಗ, ಬಾಗಿಲಲ್ಲಿದ್ದ ನನ್ನ ಕಡೆ ತಿರುಗಿದಳು.

"ಅಕ್ಕೋರ, ನೀವಾದ್ರೂ ಹೇಳ್ರಿ. ನಾ ಬ್ಯಾಡ ಅಂದಿದ್ದಿಲ್ಲೇನ್ರಿ?"

ಓಣಿಯೆಲ್ಲ ನನ್ನ ಮುಖ ನೋಡಿತು. ನಾನು ಓದಿದ್ದೇ ಖರೆ ಎಂದು ನಂಬಿದ ಜನ. ಅಣ್ಣನಿಗೆ ನೀರು ಬೇಕೇನೋ ಎನ್ನುವವಳ ಹಾಗೆ ನಾನು ಒಳಗೆ ಹೋದೆ.

ಅವನು ಎಚ್ಚರವಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೊರಗೆ ಸದ್ದು ಅಡಗಿದ ಮೇಲೆ ನೆತ್ತಿ ಮುಟ್ಟಿಕೊಂಡು, "ಬರಿ ಹೊಟ್ಟಿಗೆ ಹಾಕಿದ್ರ ಗಂಟು ಇಲ್ಲ್ಯಾಕ ಏಳತಾವ ಶಾಂತಾ?" ಅಂದ. "ಗೌರಿ ಲಗ್ನ ಆಗಲಿ. ಆದ ಮ್ಯಾಲೆ ಆ ಮುದುಕಿಗೆ ಖರೆ ಹೇಳಿ ಬಾ. ಮಂದಿ ಮುಂದ ಹೇಳು. ಆಕಿ ಹೆಸರು ಕೆಡಬಾರದು," ಅಂದ. ಹೂಂ ಅಂದೆ. ಅವನ ಕಣ್ಣು ಆಗ ಹಳದಿ ದಾಟಿ ಹಸಿರಿಗೆ ತಿರುಗಿತ್ತು. ಆ ಕಣ್ಣಲ್ಲೇ ನನ್ನನ್ನು ಬಹಳ ಹೊತ್ತು ನೋಡಿದ.

ಎಳ್ಳಮಾವಾಸ್ಯೆಗೆ ಊರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಎಡೆಯ ಚರಗ ಚೆಲ್ಲಲು ಹೋದ ದಿನ, ಹೊತ್ತೇರಿದ ಮೇಲೆ ಅಣ್ಣ ತೀರಿಕೊಂಡ. ಓಣಿಯಲ್ಲಿ ಗಂಡಸರಿರಲಿಲ್ಲ. ಹೊಲಕ್ಕೆ ಆಳು ಕಳಿಸಿ ಕರೆಸಬೇಕಾಯಿತು. ಅಲ್ಲಿಯತನಕ ನಾನು, ವೈನಿ, ಗೌರಿ ಮೂವರೇ ಅವನ ಹತ್ತಿರ ಕೂತಿದ್ದೆವು. ಅವನನ್ನು ಮೀಯಿಸುವಾಗ ಬೆನ್ನ ಗಂಟುಗಳು ಯಾರಿಗೂ ಕಾಣದಂತೆ ನಾನೇ ಹಿಂದೆ ನಿಂತೆ. ಆಗಲೂ ಅದನ್ನು ಮರೆಯಲಿಲ್ಲ ನೋಡಿ.

ವರ್ಷದೊಳಗೆ ಲಗ್ನವಾಗದಿದ್ದರೆ ಮೂರು ವರ್ಷ ಕಾಯಬೇಕೆಂದು ಹಿರಿಯರು ಹೇಳಿದ್ದರಿಂದ ಬೇಸಿಗೆಯಲ್ಲೇ ಗೌರಿಯ ಅಕ್ಕಿಕಾಳು ಬಿದ್ದವು. ಬಾಕಿ ಎರಡು ಮೊಳವನ್ನು ವೈನಿ ಅಳುತ್ತ ನೇಯ್ದು ಮುಗಿಸಿದ್ದಳು. ಆ ಎರಡು ಮೊಳದಲ್ಲಿ ನೇಯ್ಗೆ ಸಡಿಲ. ಗೌರಿ ಅದನ್ನು ಉಟ್ಟು ನರಗುಂದಕ್ಕೆ ಹೋದಳು. ಒಳ್ಳೆಯ ಸಂಸಾರ ಮಾಡಿದಳು.

ಲಗ್ನವಾಯಿತು, ನಾನು ಸೂಡಿಗೆ ಹೋಗಲಿಲ್ಲ. ಗೌರಿಗೆ ಒಂದು ಕೂಸಾಗಲಿ ಎಂದುಕೊಂಡೆ. ಆಮೇಲೆ ಯಾವಗಲ್ ಊರ ಸಾಲಿಗೆ ವರ್ಗವಾಯಿತು, ಅದೂ ಒಂದು ನೆವ ಸಿಕ್ಕಿತು. ಏಳು ವರ್ಷದ ಮೇಲೆ ಒಂದು ಸೂಟಿಯಲ್ಲಿ ಬಸ್ಸು ಹತ್ತಿ ಹೋದೆ. ಅಂಗಳ ಅದೇ. ಕೆಂಡ ಮಾಡುತ್ತಿದ್ದ ಜಾಗದಲ್ಲಿ ಕರು ಕಟ್ಟಿದ್ದರು. ನೀಲವ್ವನ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ತೀರಿ ಎರಡು ವರ್ಷವಾಯಿತೆಂದಳು. ಗಜೇಂದ್ರಗಡದಿಂದ ಬಂದ ದಿನವೇ ಬರೆ ಹಾಕುವುದನ್ನು ಬಿಟ್ಟಳಂತೆ. ಊರಲ್ಲಿ ಯಾರೂ ತಮ್ಮ ಕೂಸನ್ನು ಅವಳ ಕೈಗೆ ಕೊಡುತ್ತಿರಲಿಲ್ಲವಂತೆ. ಬಸ್ಸು ಬಂದಾಗೆಲ್ಲ, ಗಜೇಂದ್ರಗಡದ ಅಕ್ಕೋರು ಇಳಿದರೇನು ಎಂದು ಕೇಳುತ್ತಿದ್ದಳಂತೆ.

ನಾನು ಅಲ್ಲೇ ಕೂತು ಎಲ್ಲ ಹೇಳಿದೆ. ನಳಿಗೆಯ ಸಂಗತಿ, ಕಾಗದ, ಬೆನ್ನ ಮೇಲಿನ ಗಂಟು, ಅವಳು ಬೇಡ ಅಂದದ್ದು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಕೈಯ ಹಿಟ್ಟು ಉದುರಿಸಿ ಅಂದಳು: "ನನಗ ಹೇಳಿ ಏನ್ ಮಾಡ್ತೀರಿ ಅಕ್ಕೋರ? ನಮ್ಮತ್ತಿ ಅಂಥಾಕಿ ಅಲ್ಲಂತ ನನಗ ಗೊತ್ತೈತಿ. ನಿಮ್ಮ ಓಣ್ಯಾಗ ಹೇಳ್ರಿ."

ಆಮೇಲೆ ಒಂದು ರೊಟ್ಟಿ ತಿಂದು ಹೋಗಿರೆಂದು ತಟ್ಟೆ ಮುಂದಿಟ್ಟಳು. ತಿಂದೆ. ಬಸ್ಸು ಹತ್ತಿ ಗಜೇಂದ್ರಗಡದಲ್ಲಿ ಇಳಿದು ಓಣಿಯ ಮೂಲೆಯತನಕ ಹೋದೆ. ಮಗ್ಗಗಳ ಸದ್ದು ಕೇಳುತ್ತಿತ್ತು. ಹೆಂಗಸರು ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದರು. "ಬರ್ರಿ ಅಕ್ಕೋರ, ಯಾವಾಗ ಬಂದ್ರಿ?" ಎಂದು ಒಬ್ಬಳು ಜಾಗ ಮಾಡಿಕೊಟ್ಟಳು. ಕೂತು ಚಹಾ ಕುಡಿದೆ, ಗೌರಿಯ ಮಕ್ಕಳ ಮಾತಾಡಿದೆ, ಎದ್ದುಬಂದೆ.

ವೈನಿ ಹೋಗಿ ಬಹಳ ವರ್ಷವಾಯಿತು. ಗೌರಿ ಹೋದ ವರ್ಷ ಹೋದಳು. ಅವಳ ಮಗನ ಮನೆಯಲ್ಲೇ ನಾನೀಗ ಇರುವುದು. ನೆಗಡಿಯ ಸೊಸೆ ಅವನ ಹೆಂಡತಿ. ಇನ್ನು ನನ್ನ ಮಾತಿನಿಂದ ಯಾರ ಲಗ್ನವೂ ಮುರಿಯುವುದಿಲ್ಲ, ನನಗೆ ನೆವವೂ ಉಳಿದಿಲ್ಲ. ಓಣಿಯಲ್ಲಿ ಆ ದಿನ ಬಾಗಿಲಿಗೆ ಬಂದವರಲ್ಲಿ ಈಗ ಎಷ್ಟು ಜನ ಉಳಿದಿದ್ದಾರೋ ಗೊತ್ತಿಲ್ಲ. ಅವರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಓದಲು ಬರುತ್ತದೆ. ಅವರಲ್ಲಿ ಕೆಲವರಿಗೆ ಅಕ್ಷರ ಕಲಿಸಿದವಳು ನಾನೇ. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ಸೂಡಿಯ ನೀಲವ್ವನ ಬರೆಯಿಂದ ನಮ್ಮ ಅಣ್ಣ ಸಾಯಲಿಲ್ಲ. ಬೇಡ ಎಂದವಳು ಅವಳು. ಕೈ ಹಿಡಿದು ಹಾಕು ಎಂದವಳು ನಾನು.